ಕೋಡಿ ನೀರಿನ ಲೆಕ್ಕ: ಸ್ನೇಕ್ ನದಿಯ ಅಣೆಕಟ್ಟೊಂದನ್ನು ಓದುವ ಬಗೆ

ಮಳೆಗಾಲ ಹಿಡಿಯಿತೆಂದರೆ ನಮ್ಮ ಪತ್ರಿಕೆಗಳ ಮೂಲೆಯಲ್ಲಿ ಒಂದು ಪುಟ್ಟ ಪಟ್ಟಿ ಬರತೊಡಗುತ್ತದೆ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು. ಲಿಂಗನಮಕ್ಕಿಯದು 1,819 ಅಡಿ. ಮಂಡ್ಯದ ರೈತರಿಂದ ಹಿಡಿದು ಜೋಗ ಯಾವಾಗ ಮೈದುಂಬುತ್ತದೆ ಎಂದು ಕಾದು ಕೂತ ಬೆಂಗಳೂರಿನ ಹುಡುಗರವರೆಗೆ ಎಲ್ಲರಿಗೂ ಅದನ್ನು ಓದಲು ಬರುತ್ತದೆ. ಅಮೆರಿಕದ ವಾಯವ್ಯ ಭಾಗದಲ್ಲಿ, ವಾಷಿಂಗ್ಟನ್ ರಾಜ್ಯದ ಸ್ನೇಕ್ ನದಿಗೆ ಅಡ್ಡವಾಗಿ ನಿಂತಿರುವ ಲೋವರ್ ಗ್ರಾನೈಟ್ ಅಣೆಕಟ್ಟಿಗೂ ಇಂಥದೇ ಪಟ್ಟಿ ಇದೆ. ಆದರೆ ಅದು ಗಂಟೆಗೊಮ್ಮೆ ಬದಲಾಗುತ್ತದೆ, ಮತ್ತು ಅದರಲ್ಲಿ ನಮ್ಮ ಪಟ್ಟಿಯಲ್ಲಿ ಕಾಣದ ಮೂರು ಕಾಲಂಗಳಿವೆ. ಟರ್ಬೈನ್‌ಗೆ ಹೋಗದೆ ಕೋಡಿಯ ಮೇಲೆ ಇಳಿದ ನೀರೆಷ್ಟು? ನೀರಿನ ಉಷ್ಣಾಂಶ ಎಷ್ಟು? ನೀರಿನಲ್ಲಿ ಕರಗಿರುವ ಗಾಳಿ ಶೇಕಡಾ ಎಷ್ಟು? ಪಕ್ಕದಲ್ಲಿ ಆ ದಿನ ಅಣೆಕಟ್ಟು ಹತ್ತಿ ಹೋದ ಮೀನುಗಳ ಎಣಿಕೆ ಬೇರೆ.

ಎಷ್ಟು ನೀರು ಬಂತು, ಎಷ್ಟು ಹೋಯಿತು ಎಂಬುದು ಅಲ್ಲಿ ಅರ್ಧ ಲೆಕ್ಕ ಮಾತ್ರ. ಅದೇ ಸಾವಿರ ಕ್ಯುಸೆಕ್ ನೀರು ಯಾವ ಬಾಗಿಲಿನಿಂದ ಇಳಿಯಿತು, ಯಾವ ಆಳದಿಂದ ಬಂತು ಎಂಬುದರ ಮೇಲೆ ಕೆಳಗಿನ ನದಿ ಮೀನಿಗೆ ಹಿತವೋ ಅಹಿತವೋ ಎಂಬುದು ತೀರ್ಮಾನವಾಗುತ್ತದೆ.

ಮೊದಲು ಜಾಗದ ಪರಿಚಯ. ಕೆಳ ಸ್ನೇಕ್ ನದಿಯಲ್ಲಿ ಅಮೆರಿಕದ ಸೇನಾ ಎಂಜಿನಿಯರಿಂಗ್ ದಳ ಕಟ್ಟಿದ ಅಣೆಕಟ್ಟುಗಳು ನಾಲ್ಕು: ಐಸ್ ಹಾರ್ಬರ್, ಲೋವರ್ ಮಾನ್ಯುಮೆಂಟಲ್, ಲಿಟಲ್ ಗೂಸ್, ಲೋವರ್ ಗ್ರಾನೈಟ್. ಇವುಗಳಲ್ಲಿ ಎಲ್ಲಕ್ಕಿಂತ ಮೇಲಿರುವುದೂ ಕೊನೆಗೆ ಮುಗಿದದ್ದೂ ಲೋವರ್ ಗ್ರಾನೈಟ್. 1975ರಲ್ಲಿ ಅಲ್ಲಿ ವಿದ್ಯುತ್ ಉತ್ಪಾದನೆ ಶುರುವಾಯಿತು. ಆರು ಟರ್ಬೈನ್, 810 ಮೆಗಾವ್ಯಾಟ್ ಸಾಮರ್ಥ್ಯ, ಎಂಟು ಕ್ರಸ್ಟ್ ಗೇಟ್, ನೀರು ಬೀಳುವ ಎತ್ತರ ಸುಮಾರು 30 ಮೀಟರ್. ಕೆಳಗೆ ಸ್ನೇಕ್ ನದಿಯು ಕೊಲಂಬಿಯಾ ನದಿಯನ್ನು ಸೇರಿದ ಮೇಲೆ ಮೆಕ್‌ನರಿ, ಜಾನ್ ಡೇ, ದಿ ಡಾಲ್ಸ್, ಬಾನ್‌ವಿಲ್ ಎಂಬ ಇನ್ನೂ ನಾಲ್ಕು. ಸಮುದ್ರದಿಂದ ಇಡಾಹೊ ರಾಜ್ಯದ ಬೆಟ್ಟಗಳಿಗೆ ಮರಳುವ ಸಾಲ್ಮನ್ ಮೀನು ಈ ಎಂಟನ್ನೂ ಹತ್ತಬೇಕು. ಅದರ ಮರಿಗಳು ಈ ಎಂಟನ್ನೂ ಇಳಿಯಬೇಕು.

ಲಿಂಗನಮಕ್ಕಿಯ ಲೆಕ್ಕವನ್ನು ಇಲ್ಲಿಗೆ ತಂದರೆ ದಾರಿ ತಪ್ಪುತ್ತೇವೆ. ಅಲ್ಲಿ ನಾಲ್ಕು ತಿಂಗಳ ಮಳೆಯನ್ನು ವರ್ಷಕ್ಕಾಗುವಷ್ಟು ಹಿಡಿದಿಡುತ್ತಾರೆ. ಜಲಾಶಯ ತುಂಬಿದರೆ, ಅಥವಾ ತುಂಬುವ ಲಕ್ಷಣ ಕಂಡರೆ ಮಾತ್ರ ಗೇಟು ತೆರೆಯುತ್ತಾರೆ. ಲೋವರ್ ಗ್ರಾನೈಟ್ ಹಿಡಿದಿಡುವ ಕಟ್ಟೆಯಲ್ಲ. ಅದರ ಹಿನ್ನೀರಿನ ಮಟ್ಟ ಏರಿಳಿಯುವುದು ಐದೇ ಅಡಿ, ಸಮುದ್ರ ಮಟ್ಟದಿಂದ 733ರಿಂದ 738 ಅಡಿಯ ನಡುವೆ. ಇವತ್ತು ಬಂದದ್ದನ್ನು ಹೆಚ್ಚು ಕಡಿಮೆ ಇವತ್ತೇ ಬಿಡಬೇಕು. ಹಾಗಾಗಿ ಅಲ್ಲಿನ ಸಿಬ್ಬಂದಿಯ ಕೈಯಲ್ಲಿರುವುದು ಎಷ್ಟು ಬಿಡಬೇಕು ಎಂಬ ಪ್ರಶ್ನೆಯಲ್ಲ, ಎಲ್ಲಿಂದ ಬಿಡಬೇಕು ಎಂಬುದು.

ಆ ನದಿಗೆ ನೀರು ಬರುವ ಕಾಲವೂ ನಮ್ಮದಕ್ಕಿಂತ ಬೇರೆ. ನವೆಂಬರಿನಿಂದ ಮಾರ್ಚ್‌ವರೆಗೆ ಬೆಟ್ಟಗಳ ಮೇಲೆ ಹಿಮ ಬೀಳುತ್ತದೆ, ಬಿದ್ದದ್ದು ಅಲ್ಲೇ ಕೂತಿರುತ್ತದೆ. ಬೆಟ್ಟದ ನೆತ್ತಿಗಳಲ್ಲಿ ನೆಲಕ್ಕೆ ಹಾಸಿದ, ದ್ರವ ತುಂಬಿದ ಅಗಲವಾದ ದಿಂಬುಗಳಿವೆ. ಮೇಲೆ ಬಿದ್ದ ಹಿಮದ ಭಾರಕ್ಕೆ ದಿಂಬಿನೊಳಗಿನ ಒತ್ತಡ ಏರುತ್ತದೆ, ಅದರಿಂದ ಅಷ್ಟು ಹಿಮ ಕರಗಿದರೆ ಎಷ್ಟು ಇಂಚು ನೀರು ಎಂದು ಲೆಕ್ಕ ಸಿಗುತ್ತದೆ. ಏಪ್ರಿಲ್ ಹೊತ್ತಿಗೆ ಬೇಸಿಗೆಯಲ್ಲಿ ನದಿಗೆ ಎಷ್ಟು ನೀರು ಬರಬಹುದೆಂಬ ಅಂದಾಜು ಎಂಜಿನಿಯರ್‌ಗಳ ಮೇಜಿನ ಮೇಲಿರುತ್ತದೆ. ಮೇ ಕೊನೆಯಲ್ಲಿ ಮುಗಿಲು ನೋಡಿಕೊಂಡು ಕೂರುವ ನಮ್ಮ ಜಲಾಶಯದ ಎಂಜಿನಿಯರ್‌ಗೆ ಈ ಅನುಕೂಲ ಇಲ್ಲ.

ಬಿಸಿಲು ಏರಿದಂತೆ ಹಿಮ ಕರಗಿ, ಮೇ ಕೊನೆ ಮತ್ತು ಜೂನ್ ಮೊದಲಲ್ಲಿ ನದಿ ಉಕ್ಕುತ್ತದೆ. ಲೋವರ್ ಗ್ರಾನೈಟ್‌ನಲ್ಲಿ ಆಗ ಒಂದು ಲಕ್ಷ ಕ್ಯುಸೆಕ್ ದಾಟುವುದು ಸಾಮಾನ್ಯ, ಒಳ್ಳೆ ಹಿಮದ ವರ್ಷ ಅದರ ಒಂದೂವರೆ ಪಟ್ಟು, ಎರಡು ಪಟ್ಟು. ಆಗಸ್ಟ್ ಹೊತ್ತಿಗೆ ಅದೇ ನದಿ 30 ಸಾವಿರ ಕ್ಯುಸೆಕ್‌ಗೆ, ಕೆಲವು ಸಲ ಅದಕ್ಕೂ ಕೆಳಗೆ ಕುಸಿಯುತ್ತದೆ. ನೀರು ಅತಿ ಕಡಿಮೆ ಇರುವ ಕಾಲವೂ ಬಿಸಿಲು ಅತಿ ಹೆಚ್ಚಿರುವ ಕಾಲವೂ ಒಟ್ಟಿಗೇ ಬರುತ್ತವೆ. ತಾಪತ್ರಯ ಶುರುವಾಗುವುದೇ ಅಲ್ಲಿ.

ಈಗ ಕೋಡಿಯ ಕಾಲಂ. ನೀರು ಕೋಡಿಯ ಮೇಲೆ ಹೋಗಲು ಮೂರು ಕಾರಣಗಳಿರಬಹುದು. ಒಂದು, ಟರ್ಬೈನ್‌ಗಳ ಗಂಟಲಿಗೆ ಮೀರಿ ನೀರು ಬಂದದ್ದು. ಆರೂ ಟರ್ಬೈನ್ ಸೇರಿ ಕುಡಿಯಬಲ್ಲದ್ದು ಸುಮಾರು 1,30,000 ಕ್ಯುಸೆಕ್. ಎರಡು, ಕರೆಂಟ್ ಕೊಳ್ಳುವವರಿಲ್ಲದ್ದು. ವಸಂತದ ರಾತ್ರಿಗಳಲ್ಲಿ ಗಾಳಿ ವಿದ್ಯುತ್ತೂ ಜಲವಿದ್ಯುತ್ತೂ ಒಟ್ಟಿಗೆ ಉಕ್ಕಿದಾಗ ಹೀಗಾಗುತ್ತದೆ. ಮೂರನೆಯದು, ಬೇಕೆಂದೇ ಬಿಟ್ಟದ್ದು. ಪಟ್ಟಿಯಲ್ಲಿ ದಿನದಿನವೂ ಕಾಣುವುದು ಈ ಮೂರನೆಯ ಬಗೆ. ಏಪ್ರಿಲ್ 3ರಿಂದ ಆಗಸ್ಟ್ 31ರವರೆಗೆ ಕೆಳ ಸ್ನೇಕ್ ಅಣೆಕಟ್ಟುಗಳಲ್ಲಿ ಸಾಲ್ಮನ್ ಮರಿಗಳು ಇಳಿದು ಹೋಗಲೆಂದು ಕೋಡಿ ಬಿಡುವುದು ಹತ್ತಾರು ವರ್ಷದ ನ್ಯಾಯಾಲಯದ ಜಗಳಗಳಿಂದ ಗಟ್ಟಿಯಾದ ಪದ್ಧತಿ. 2005ರಲ್ಲಿ ನ್ಯಾಯಾಧೀಶ ಜೇಮ್ಸ್ ರೆಡನ್ ಬೇಸಿಗೆಯಲ್ಲೂ ಬಿಡಬೇಕೆಂದು ಆದೇಶಿಸಿದರು. 2018ರಲ್ಲಿ ನ್ಯಾಯಾಧೀಶ ಮೈಕಲ್ ಸೈಮನ್ ಅವರ ಆದೇಶದಂತೆ ವಸಂತದ ಕೋಡಿಯನ್ನು ನಿಯಮ ಒಪ್ಪುವ ಗರಿಷ್ಠಕ್ಕೆ ಏರಿಸಲಾಯಿತು.

ಮರಿಗಳನ್ನು ಟರ್ಬೈನ್ ಮೂಲಕ ಏಕೆ ಕಳಿಸಬಾರದು? ಹೋದ ಮರಿಗಳೆಲ್ಲ ಅಲ್ಲಿ ಸಾಯುವುದಿಲ್ಲ, ಹೆಚ್ಚಿನವು ಬದುಕುತ್ತವೆ. ರೆಕ್ಕೆ ತಾಗುವುದು ಒಂದು ಅಪಾಯ. ಅದಕ್ಕಿಂತ ಸೂಕ್ಷ್ಮವಾದದ್ದು ಒತ್ತಡದ ಆಟ. ಆಳದ ನೀರಿನ ಒತ್ತಡಕ್ಕೆ ಹೊಂದಿಕೊಂಡ ಮರಿ ಟರ್ಬೈನ್ ಚಕ್ರದ ಹಿಂದೆ ಕ್ಷಣಮಾತ್ರದಲ್ಲಿ ತೀರಾ ಕಡಿಮೆ ಒತ್ತಡಕ್ಕೆ ಬೀಳುತ್ತದೆ. ತೇಲಲು ಅದು ಹೊಟ್ಟೆಯೊಳಗೆ ಇಟ್ಟುಕೊಂಡಿರುವ ಗಾಳಿಚೀಲ ಉಬ್ಬಿ ಒಡೆಯಬಹುದು. ಒಂದೇ ಕಟ್ಟೆಯಾಗಿದ್ದರೆ ಇದು ದೊಡ್ಡ ನಷ್ಟ ಅನ್ನಿಸುತ್ತಿರಲಿಲ್ಲ. ಪ್ರತಿ ಕಟ್ಟೆಯಲ್ಲಿ ನೂರಕ್ಕೆ 95 ಮರಿ ಬದುಕಿದವು ಎನ್ನಿ, ಎಂಟು ಕಟ್ಟೆ ದಾಟಿ ಸಮುದ್ರ ಸೇರುವುದು 66. ನೂರಕ್ಕೆ 90 ಆದರೆ ಕೊನೆಗೆ ಉಳಿಯುವುದು 43. ಕಟ್ಟೆಯೊಂದರಲ್ಲಿ ಐದು ಅಂಶದ ವ್ಯತ್ಯಾಸಕ್ಕಾಗಿ ನ್ಯಾಯಾಲಯದವರೆಗೆ ಹೋಗಿ ಜಗಳಾಡುವುದು ಈ ಗುಣಾಕಾರದಿಂದ.

ಕೋಡಿಯಲ್ಲೂ ಬಾಗಿಲು ಎಲ್ಲಿದೆ ಎಂಬುದು ಮುಖ್ಯ. ಮಾಮೂಲಿ ಕ್ರಸ್ಟ್ ಗೇಟನ್ನು ಎತ್ತಿದರೆ ಅದರ ಅಡಿಯಿಂದ, ಅಂದರೆ ನೀರಿನ ಮೇಲ್ಮೈಯಿಂದ ಸುಮಾರು 15 ಮೀಟರ್ ಕೆಳಗಿನಿಂದ ನೀರು ನುಗ್ಗುತ್ತದೆ. ಮರಿಗಳು ಈಜುವುದು ಮೇಲಿನ ಕೆಲವೇ ಮೀಟರ್‌ಗಳಲ್ಲಿ. ಬಾಗಿಲು ಹುಡುಕಿಕೊಂಡು ಮುಳುಗಲು ಅವಕ್ಕೆ ಮನಸ್ಸಿಲ್ಲ, ಕಟ್ಟೆಯ ಮುಂದೆ ಸುಳಿದಾಡುತ್ತ ಗಂಟೆಗಟ್ಟಲೆ ಕಳೆಯುತ್ತವೆ, ಅಷ್ಟರಲ್ಲಿ ದೊಡ್ಡ ಮೀನಿನ ಬಾಯಿಗೆ ಬೀಳುತ್ತವೆ. 2001ರಲ್ಲಿ ಲೋವರ್ ಗ್ರಾನೈಟ್‌ನ ಒಂದು ಗೇಟಿನ ಮುಂದೆ ಭಾರಿ ಉಕ್ಕಿನ ಜಾರುಬಂಡೆಯಂಥ ಏರ್ಪಾಡು ಕೂರಿಸಿದರು. ಮೇಲ್ಮೈಯ ನೀರೇ ಅದರ ಮೇಲೆ ಜಾರಿ ಬೀಳುತ್ತದೆ, ಮರಿಗಳು ಅದರೊಂದಿಗೇ ಇಳಿಯುತ್ತವೆ. ಮಹಾಪೂರ ಬಂದರೆ ಅದನ್ನು ಬಿಡಿಸಿ ಹಿನ್ನೀರಿನ ತಳಕ್ಕೆ ಇಳಿಸಬಹುದು.

ಇಷ್ಟಕ್ಕೂ ಬಿಟ್ಟ ನೀರು ಕರೆಂಟಿನ ಲೆಕ್ಕದಲ್ಲಿ ಎಷ್ಟು? ಸೂತ್ರ ಸುಲಭ. ಸೆಕೆಂಡಿಗೆ ಎಷ್ಟು ಘನಮೀಟರ್ ನೀರು, ಎಷ್ಟು ಮೀಟರ್ ಎತ್ತರ, ಇವೆರಡನ್ನೂ ಗುಣಿಸಿ, ಬಂದದ್ದನ್ನು ಸುಮಾರು 8.8ರಿಂದ ಮತ್ತೆ ಗುಣಿಸಿದರೆ ಕಿಲೋವ್ಯಾಟ್. ಲೋವರ್ ಗ್ರಾನೈಟ್‌ನ ಬೇಸಿಗೆ ಕೋಡಿ 18 ಸಾವಿರ ಕ್ಯುಸೆಕ್, ಎಂದರೆ ಸೆಕೆಂಡಿಗೆ 510 ಘನಮೀಟರ್. 30 ಮೀಟರ್ ಎತ್ತರಕ್ಕೆ ಅದು ಸುಮಾರು 135 ಮೆಗಾವ್ಯಾಟ್. ನಮ್ಮ ಶರಾವತಿ ವಿದ್ಯುದಾಗಾರದ ಒಂದು ಯಂತ್ರ 103.5 ಮೆಗಾವ್ಯಾಟಿನದು, ಅಂಥದೊಂದು ಯಂತ್ರವನ್ನು ಹಗಲೂ ರಾತ್ರಿ ನಿಲ್ಲಿಸಿದ್ದಕ್ಕಿಂತ ಸ್ವಲ್ಪ ಹೆಚ್ಚು. ಬೇಸಿಗೆಯಲ್ಲಿ ಏಸಿಗಳು ಓಡುವ ಹೊತ್ತಿನಲ್ಲಿ ಇದು ಸಣ್ಣ ಮೊತ್ತವಲ್ಲ. 2018ರ ಡಿಸೆಂಬರ್‌ನಲ್ಲಿ ಆದ ರಾಜಿಯಲ್ಲಿ, ವಸಂತದ ದಿನಗಳಲ್ಲಿ 16 ಗಂಟೆ ಹೆಚ್ಚು ಕೋಡಿ, ಕರೆಂಟಿಗೆ ಬೇಡಿಕೆಯಿರುವ 8 ಗಂಟೆ ಕಡಿಮೆ ಕೋಡಿ ಎಂದು ದಿನವನ್ನೇ ಪಾಲು ಮಾಡಿಕೊಂಡರು. ಗಂಟೆವಾರು ಪಟ್ಟಿಯಲ್ಲಿ ಕೋಡಿಯ ಅಂಕಿ ಏಕಾಏಕಿ ಇಳಿದು ಮತ್ತೆ ಏರುವುದನ್ನು ಕಂಡರೆ ಯಾವುದೋ ಗೇಟು ಕೆಟ್ಟಿತೆಂದು ಭಾವಿಸಬೇಕಿಲ್ಲ.

ಹಾಗಾದರೆ ಮರಿಗಳ ಹಿತಕ್ಕೆ ಎಲ್ಲ ನೀರನ್ನೂ ಕೋಡಿಯ ಮೇಲೇ ಬಿಡಬಹುದಲ್ಲ? ಬಿಡಲಾಗದು. ಕರಗಿದ ಗಾಳಿಯ ಕಾಲಂ ಇರುವುದು ಅದಕ್ಕೇ. ಮೇಲಿಂದ ಬಿದ್ದ ನೀರು ಗಾಳಿಯನ್ನು ಗುಳ್ಳೆಗಳಾಗಿ ಎಳೆದುಕೊಂಡು ಕೆಳಗಿನ ಮಡುವಿನ ಆಳಕ್ಕೆ ಧುಮುಕುತ್ತದೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟು. ಆ ಒತ್ತಡಕ್ಕೆ ಗುಳ್ಳೆಯೊಳಗಿನ ಗಾಳಿ ನೀರಿನಲ್ಲಿ ಕರಗುತ್ತದೆ. ಅದೇ ನೀರು ಮುಂದೆ ಹರಿದು ಆಳ ಕಡಿಮೆಯಾದಾಗ ತಾನು ಹಿಡಿದಿಡಬಲ್ಲದ್ದಕ್ಕಿಂತ ಹೆಚ್ಚು ಗಾಳಿ ಅದರಲ್ಲಿ ಉಳಿದಿರುತ್ತದೆ. ಗೋಲಿ ಸೋಡಾದ ಗೋಲಿ ಒತ್ತಿದಾಗ ಗುಳ್ಳೆ ಏಳುವುದು ಇದೇ ಕಾರಣಕ್ಕೆ. ವ್ಯತ್ಯಾಸವೆಂದರೆ ಇಲ್ಲಿ ಗುಳ್ಳೆ ಏಳುವುದು ಮೀನಿನ ರಕ್ತದಲ್ಲಿ, ಕಿವಿರಿನಲ್ಲಿ, ಈಜುರೆಕ್ಕೆಯ ಅಂಚಿನಲ್ಲಿ, ಕಣ್ಣಿನ ಸುತ್ತ. ಆಳದಿಂದ ಅವಸರದಲ್ಲಿ ಮೇಲೆ ಬಂದ ಮುಳುಗುಗಾರರಿಗೆ ಬರುವ ಕಾಯಿಲೆಯ ಹತ್ತಿರದ ನೆಂಟ ಇದು.

ನೀರು ಸಹಜವಾಗಿ ಹಿಡಿದಿಡುವಷ್ಟು ಗಾಳಿ ಇದ್ದರೆ ಶೇಕಡಾ 100. ನಿಯಮ ಮೊದಲು ಒಪ್ಪಿದ್ದು 110. ಮೀನಿನ ಕೋಡಿಗಾಗಿ ರಿಯಾಯಿತಿ ಕೊಟ್ಟು ಕಟ್ಟೆಯ ಕೆಳಗೆ 120 ಎಂದರು, ಈಚಿನ ವರ್ಷಗಳಲ್ಲಿ ವಸಂತಕ್ಕೆ 125. ಈ ಏರಿಕೆ ಬರೀ ಉದಾರತೆಯಿಂದ ಆದದ್ದಲ್ಲ. ಮೀನಿಗೆ ತಪ್ಪಿಸಿಕೊಳ್ಳಲು ಒಂದು ದಾರಿಯಿದೆ: ಒಂದೊಂದು ಮೀಟರ್ ಆಳಕ್ಕೆ ಇಳಿದಂತೆ ಶೇಕಡಾ 10ರಷ್ಟು ಹೆಚ್ಚುವರಿ ಗಾಳಿ ನಿರಪಾಯವಾಗುತ್ತದೆ. 120ರ ನೀರಿನಲ್ಲಿ ಎರಡು ಮೀಟರ್ ಕೆಳಗಿರುವ ಮೀನಿಗೆ ಅದು 100 ಇದ್ದಂತೆ. ನದಿ ಆಳವಾಗಿದ್ದಲ್ಲಿ ಇದು ನಿಜ, ದಡದ ತೆಳು ನೀರಿನಲ್ಲಿರುವ ಪುಟ್ಟ ಮರಿಗಳಿಗೆ ಆ ಅವಕಾಶ ಇಲ್ಲ. ಇನ್ನೊಂದು ಉಪಾಯ ಕಾಂಕ್ರೀಟಿನದು. ಕೋಡಿಯ ಇಳಿಜಾರಿನ ಬುಡದಲ್ಲಿ ತುಟಿಯಂತೆ ಮುಂದೆ ಚಾಚಿದ ಅಂಚು ಕಟ್ಟಿದ್ದಾರೆ. ಬಿದ್ದ ನೀರು ಅದಕ್ಕೆ ತಾಗಿ, ಮಡುವಿನ ತಳಕ್ಕೆ ಧುಮುಕದೆ ಮೇಲ್ಮೈಯಲ್ಲೇ ಅಡ್ಡಕ್ಕೆ ಚಿಮ್ಮಿ ಹೋಗುತ್ತದೆ. ಅದೇ ನೀರು, ಅದೇ ಗೇಟು, ಬೀಳುವ ಕೋನ ಮಾತ್ರ ಬೇರೆ. ಗಾಳಿಯ ಅಂಕಿ ಇಳಿಯುತ್ತದೆ.

ಉಷ್ಣಾಂಶದ ಕಾಲಂ ಎಲ್ಲಕ್ಕಿಂತ ಜಟಿಲ. ನನಗೆ ಅತಿ ಕುತೂಹಲ ಹುಟ್ಟಿಸುವುದೂ ಅದೇ. ಸಾಲ್ಮನ್ ತಣ್ಣೀರಿನ ಜೀವಿ. ಈ ನದಿಗಳಿಗೆ ಇಟ್ಟುಕೊಂಡ ಮಿತಿ 20 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಮೇಲೆ ಹೋದರೆ ಮೀನು ನಿಧಾನಿಸುತ್ತದೆ, ರೋಗಕ್ಕೆ ತುತ್ತಾಗುತ್ತದೆ, ಇನ್ನೂ ಎರಡು ಮೂರು ಡಿಗ್ರಿ ಏರಿದ ನೀರಿನಲ್ಲಿ ಬಹಳ ಹೊತ್ತು ಉಳಿದರೆ ಸಾಯುತ್ತದೆ. ಇಪ್ಪತ್ತು ಡಿಗ್ರಿಯ ನೀರು ನಮ್ಮ ಕೈಗೆ ತಣ್ಣಗೇ ಅನ್ನಿಸುತ್ತದೆ. ಮೀನಿಗೆ ಹಾಗಲ್ಲ.

ನೀರು ಬಿಸಿಯಾಗಲು ಅಣೆಕಟ್ಟೊಂದೇ ಕಾರಣವೆಂದು ಹೇಳುವವರೂ ಇದ್ದಾರೆ, ಅಣೆಕಟ್ಟಿಗೆ ಸಂಬಂಧವೇ ಇಲ್ಲವೆಂದು ಹೇಳುವವರೂ ಇದ್ದಾರೆ. ಅಂಕಿಗಳು ಇಬ್ಬರಿಗೂ ಪೂರ್ತಿ ಒಪ್ಪಿಗೆ ಕೊಡುವುದಿಲ್ಲ. ಲೋವರ್ ಗ್ರಾನೈಟ್ ಹಿನ್ನೀರಿಗೆ ಬರುವ ಮೊದಲೇ ಸ್ನೇಕ್ ನದಿ ಜುಲೈನಲ್ಲಿ 20 ಡಿಗ್ರಿ ದಾಟಿರುತ್ತದೆ. ಒಂದೂ ಅಣೆಕಟ್ಟಿಲ್ಲದ ಸಾಲ್ಮನ್ ಎಂಬ ಉಪನದಿಯೂ ಬೇಸಿಗೆಯಲ್ಲಿ ಬೆಚ್ಚಗಾಗುತ್ತದೆ. ಇನ್ನೊಂದು ಕಡೆ, ನಿಂತ ಹಿನ್ನೀರು ಬಿಸಿಲನ್ನು ಹೀರಿಕೊಂಡು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಹರಿಯುವ ನದಿ ರಾತ್ರಿಯಲ್ಲಿ, ಆಗಸ್ಟ್ ಕೊನೆಯ ತಂಪಿನಲ್ಲಿ ಬೇಗ ತಣಿಯುತ್ತದೆ. ಸಾಲುಸಾಲು ಹಿನ್ನೀರುಗಳು ಆ ತಣಿವನ್ನು ಸೆಪ್ಟೆಂಬರ್‌ಗೆ ಮುಂದೂಡುತ್ತವೆ, ಶರತ್ಕಾಲದ ಮೀನು ಬರುವುದೂ ಆಗಲೇ.

ಈ ಬಿಸಿಯನ್ನು ತಗ್ಗಿಸುವ ತಂಪು ಬರುವುದು ಇಡಾಹೊದ ಕ್ಲಿಯರ್‌ವಾಟರ್ ನದಿಯ ಕವಲೊಂದಕ್ಕೆ ಕಟ್ಟಿದ ಡ್ವೊರ್‌ಶಾಕ್ ಅಣೆಕಟ್ಟಿನಿಂದ. 219 ಮೀಟರ್ ಎತ್ತರದ ಕಾಂಕ್ರೀಟ್ ಗೋಡೆ ಅದು. ಹಿಡಿಯುವ ನೀರು ಸುಮಾರು 150 ಟಿಎಂಸಿ, ಹೆಚ್ಚು ಕಡಿಮೆ ಲಿಂಗನಮಕ್ಕಿಯಷ್ಟೇ. ಅಷ್ಟು ಆಳದ ಜಲಾಶಯದಲ್ಲಿ ಬೇಸಿಗೆಗೆ ನೀರು ಪದರ ಪದರವಾಗುತ್ತದೆ. ಬಿಸಿಯಾದ ನೀರು ಹಗುರ, ಮೇಲೆ ತೇಲುತ್ತದೆ. ನೀರು ಅತಿ ಭಾರವಾಗಿರುವುದು 4 ಡಿಗ್ರಿಯಲ್ಲಿ. ಚಳಿಗಾಲದ ತಣ್ಣೀರು ತಳದಲ್ಲೇ ಕೂತಿರುತ್ತದೆ, ಜುಲೈ ಬಿಸಿಲು ಅಲ್ಲಿಗೆ ಮುಟ್ಟುವುದಿಲ್ಲ. ಈ ಅಣೆಕಟ್ಟಿನ ಟರ್ಬೈನ್ ಬಾಯಿಗೆ ಮೇಲೆ ಕೆಳಗೆ ಸರಿಸಬಹುದಾದ ಗೇಟುಗಳಿವೆ. ಬೇಕಾದ ಆಳವನ್ನು ಆರಿಸಿ 6ರಿಂದ 9 ಡಿಗ್ರಿಯ ನೀರನ್ನು ಕಳಿಸುತ್ತಾರೆ. ಅದೇ ನೀರಿನಿಂದ ಕರೆಂಟೂ ಬರುತ್ತದೆ.

ಬೆರಕೆಯ ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು. ಸ್ನೇಕ್ ನದಿಯಲ್ಲಿ 23 ಡಿಗ್ರಿಯ 18 ಸಾವಿರ ಕ್ಯುಸೆಕ್ ಬರುತ್ತಿದೆ, ಕ್ಲಿಯರ್‌ವಾಟರ್‌ನಿಂದ 10 ಡಿಗ್ರಿಯ 12 ಸಾವಿರ ಕ್ಯುಸೆಕ್ ಸೇರುತ್ತಿದೆ ಎನ್ನಿ. 18ನ್ನು 23ರಿಂದ, 12ನ್ನು 10ರಿಂದ ಗುಣಿಸಿ, ಕೂಡಿಸಿ, 30ರಿಂದ ಭಾಗಿಸಿದರೆ 17.8 ಡಿಗ್ರಿ. ಕಾಗದದ ಮೇಲೆ ಸಮಸ್ಯೆ ಮುಗಿಯಿತು. ನದಿಯಲ್ಲಿ ಮುಗಿಯುವುದಿಲ್ಲ, ಏಕೆಂದರೆ ಲೂವಿಸ್ಟನ್ ಪಟ್ಟಣದ ಬಳಿ ಎರಡು ನದಿಗಳು ಕೂಡಿದಲ್ಲಿ ತಣ್ಣೀರು ಪೂರ್ತಿ ಬೆರೆಯದೆ ಬೆಚ್ಚನೆಯ ನೀರಿನ ಅಡಿಗೆ ಜಾರುತ್ತದೆ. ಅಲ್ಲಿಂದ ಕಟ್ಟೆಯವರೆಗೆ ಸುಮಾರು 50 ಕಿಲೋಮೀಟರ್ ಹಿನ್ನೀರಿನ ಉದ್ದಕ್ಕೂ ಮೇಲೆ ಬಿಸಿ, ಕೆಳಗೆ ತಂಪು.

ಯಾವ ಬಾಗಿಲು ತೆರೆದಿದೆ ಎಂಬುದು ಈಗ ಮತ್ತೆ ಮುಖ್ಯವಾಗುತ್ತದೆ. ಟರ್ಬೈನ್ ಆಳದಿಂದ ಎಳೆಯುತ್ತದೆ, ತಂಪು ನೀರು ಬರುತ್ತದೆ. ಮರಿಗಳಿಗಾಗಿ ಮಾಡಿದ ಆ ಮೇಲ್ಮೈ ಜಾರುಬಂಡೆ ಬಿಸಿ ನೀರನ್ನೇ ಕೆಳಗೆ ಸುರಿಯುತ್ತದೆ. ಏಪ್ರಿಲ್‌ನಲ್ಲಿ ಉಪಕಾರ ಮಾಡಿದ ಬಾಗಿಲು ಜುಲೈ ಕೊನೆಯಲ್ಲಿ ತೊಡಕಾಗಬಹುದು. ಮೀನು ಹತ್ತುವ ಮೆಟ್ಟಿಲಿನಲ್ಲಿ ಇನ್ನೂ ವಿಚಿತ್ರವಾದದ್ದು ನಡೆಯಿತು. ಮೆಟ್ಟಿಲಿಗೆ ಹರಿಯುತ್ತಿದ್ದದ್ದು ಮೇಲ್ಮೈಯ ನೀರು. ಕಟ್ಟೆಯ ಕೆಳಗೆ ಡ್ವೊರ್‌ಶಾಕ್‌ನ ತಂಪು ಬಂದು ತಲುಪಿದೆ, ಮೀನು ಅಲ್ಲಿ ಹಾಯಾಗಿದೆ, ಮೆಟ್ಟಿಲು ಹತ್ತಲು ಮೂತಿ ಇಟ್ಟರೆ ಮೇಲಿಂದ ಬಿಸಿ ನೀರು. 2013ರ ಬೇಸಿಗೆಯಲ್ಲಿ ಮೀನುಗಳು ಹತ್ತಲೊಲ್ಲದೆ ಬುಡದಲ್ಲೇ ನಿಂತುಬಿಟ್ಟವು. ತುರ್ತಿಗೆ ಪಂಪ್ ಹಚ್ಚಿ ಆಳದ ನೀರನ್ನು ಮೆಟ್ಟಿಲಿಗೆ ಸುರಿದರು. 2016ರ ಹೊತ್ತಿಗೆ ಆಳದಿಂದ ನೀರೆತ್ತುವ ಕಾಯಂ ಕೊಳವೆಗಳನ್ನು ಕೂರಿಸಿದರು. ಕೋಟಿಗಟ್ಟಲೆ ಗ್ಯಾಲನ್ ತಣ್ಣೀರು ದೂರದ ಜಲಾಶಯದಿಂದ ಬಿಟ್ಟೂ, ಕೊನೆಯ ಕೆಲವು ಮೆಟ್ಟಿಲಿನ ನೀರಿಗಾಗಿ ಮೀನು ತಡೆದು ನಿಂತದ್ದು ಎಂಜಿನಿಯರ್‌ಗಳಿಗೆ ಚೆನ್ನಾಗಿಯೇ ಪಾಠ ಕಲಿಸಿರಬೇಕು.

ಪಟ್ಟಿಯ ಎರಡು ಸಾಲನ್ನು ಮಾದರಿಗಾಗಿ ಓದೋಣ. ಮೇ ಕೊನೆಯ ದಿನವೊಂದು: ಹೊರಹರಿವು 1,60,000 ಕ್ಯುಸೆಕ್, ಕೋಡಿ 60,000, ಉಷ್ಣಾಂಶ 12 ಡಿಗ್ರಿ, ಗಾಳಿ 123. ಉಷ್ಣಾಂಶದ ಚಿಂತೆ ಇಲ್ಲ, ಕಣ್ಣು ಇಡಬೇಕಾದದ್ದು ಗಾಳಿಯ ಮೇಲೆ. ಇನ್ನಷ್ಟು ಹಿಮ ಕರಗಿದರೆ ಕೋಡಿ ಬೇಡವೆಂದರೂ ಏರುತ್ತದೆ, ಮಿತಿ ಮೀರುತ್ತದೆ. ಇನ್ನೊಂದು, ಜುಲೈ ಕೊನೆಯದು: ಹೊರಹರಿವು 30,000, ಕೋಡಿ 18,000, ಕಟ್ಟೆಯ ಮುಂದಿನ ಮೇಲ್ಮೈ 22.5 ಡಿಗ್ರಿ, ಕೆಳಗೆ 19.4, ಗಾಳಿ 112. ಗಾಳಿಯ ತಂಟೆ ಇಲ್ಲ. ಟರ್ಬೈನ್‌ಗೆ ಉಳಿದದ್ದು 12,000, ಒಂದು ಯಂತ್ರ ಓಡಿಸಲು ಹೆಚ್ಚು ಕಡಿಮೆ ಅಷ್ಟೇ ಬೇಕು. ಹರಿವು ಇದಕ್ಕಿಂತ ಇಳಿದರೆ ಕೋಡಿಯನ್ನೇ ಕತ್ತರಿಸುತ್ತಾರೆ. ಕೆಳಗಿನ 19.4 ಎಂಬುದು ಡ್ವೊರ್‌ಶಾಕ್‌ನ ಗುಣ. ಅಲ್ಲಿ ಬಿಟ್ಟ ನೀರು ಇಲ್ಲಿಗೆ ಮುಟ್ಟಲು ಕೆಲವು ದಿನ ಬೇಕು. ಆದ್ದರಿಂದ ಇವತ್ತಿನ ಅಂಕಿ ನೋಡಿ ಇವತ್ತು ಗೇಟು ತಿರುಗಿಸಿದರೆ ತಡವಾಯಿತೆಂದೇ ಅರ್ಥ. ಅವರು ನೋಡುವುದು ಬರುವ ವಾರದ ಹವಾಮಾನ ಮುನ್ಸೂಚನೆಯನ್ನು.

ಡ್ವೊರ್‌ಶಾಕ್‌ನ ತಂಪಿಗೂ ಮಿತಿ ಇದೆ. ಜುಲೈ ಹೊತ್ತಿಗೆ 1,600 ಅಡಿಗೆ ತುಂಬಿದ ಜಲಾಶಯವನ್ನು ಆಗಸ್ಟ್ ಕೊನೆಗೆ 1,535 ಅಡಿಗೆ ಇಳಿಸುತ್ತಾರೆ. ಸೆಪ್ಟೆಂಬರ್‌ನಲ್ಲಿ 1,520ರವರೆಗೆ ಇಳಿಸುವ ನೀರು, ಸುಮಾರು 8.7 ಟಿಎಂಸಿ, ಅಲ್ಲಿನ ಮೂಲನಿವಾಸಿಗಳಾದ ನೆಜ್ ಪರ್ಸ್ ಜನರೊಂದಿಗೆ ಆದ ನೀರಿನ ಹಕ್ಕಿನ ಒಪ್ಪಂದದಿಂದ ಬಂದದ್ದು. ಹೆಚ್ಚು ತಂಪು ಬೇಕೆಂದು ಟರ್ಬೈನ್ ಸಾಮರ್ಥ್ಯ ಮೀರಿ ಬಿಡಹೊರಟರೆ ಅಲ್ಲೂ ಕೋಡಿ ತೆರೆಯಬೇಕು, ಆಗ ಅಲ್ಲಿನ ನದಿಯಲ್ಲಿ ಗಾಳಿಯ ಅಂಕಿ 110 ದಾಟುತ್ತದೆ, ಕೆಳಗೇ ಮೀನು ಮರಿ ಕೇಂದ್ರವಿದೆ. ಬಿಸಿಯ ಸಮಸ್ಯೆಗೆ ಮದ್ದು ಹುಡುಕಿ ಹೋದರೆ ಗಾಳಿಯ ಸಮಸ್ಯೆ ಎದುರು ಬಂದು ನಿಲ್ಲುತ್ತದೆ.

ಆ ತಂಪು ಎಲ್ಲಿಯವರೆಗೆ ಬಾಳುತ್ತದೆ ಎಂಬುದು ಇನ್ನೊಂದು ಮಿತಿ. ಲೋವರ್ ಗ್ರಾನೈಟ್‌ನಲ್ಲಿ ಎದ್ದು ಕಾಣುವ ಪರಿಣಾಮ ಒಂದೊಂದೇ ಹಿನ್ನೀರು ದಾಟಿದಂತೆ ಕರಗುತ್ತ ಹೋಗಿ ಐಸ್ ಹಾರ್ಬರ್ ಹೊತ್ತಿಗೆ ಅಲ್ಪವಾಗುತ್ತದೆ. ಕೊಲಂಬಿಯಾ ನದಿಗೆ ಅದರಿಂದ ಉಪಯೋಗವಿಲ್ಲ. 2015ರಲ್ಲಿ ಇದು ಕಣ್ಣಿಗೆ ಹೊಡೆದಂತೆ ಕಂಡಿತು. ಆ ಚಳಿಗಾಲ ಹಿಮವಾಗಬೇಕಿದ್ದದ್ದು ಮಳೆಯಾಗಿ ಬಿದ್ದು ಹರಿದುಹೋಗಿತ್ತು, ಜೂನ್ ವಿಪರೀತ ಬಿಸಿಯಾಯಿತು. ಬಾನ್‌ವಿಲ್ ದಾಟಿ ಬಂದ ಸುಮಾರು ಐದು ಲಕ್ಷ ಸಾಕ್‌ಐ ಸಾಲ್ಮನ್‌ಗಳಲ್ಲಿ ಎರಡೂವರೆ ಲಕ್ಷದಷ್ಟು ಸತ್ತವೆಂದು ಅಂದಾಜು. 1991ರಿಂದ ಅಳಿವಿನಂಚಿನ ಪಟ್ಟಿಯಲ್ಲಿರುವ ಸ್ನೇಕ್ ನದಿಯ ಸಾಕ್‌ಐಗಳಂತೂ ಬಹುತೇಕ ಎಲ್ಲವೂ ಹೋದವು. ಹೆಚ್ಚಿನವು ಸತ್ತದ್ದು ಡ್ವೊರ್‌ಶಾಕ್ ತಂಪು ಮುಟ್ಟುವ ಜಾಗಕ್ಕೆ ಬರುವ ಮೊದಲೇ. ಲೋವರ್ ಗ್ರಾನೈಟ್‌ವರೆಗೆ ಬಂದವುಗಳಲ್ಲಿ ಕೆಲವನ್ನು ಹಿಡಿದು ಟ್ಯಾಂಕರ್‌ನಲ್ಲಿ ಸಾಗಿಸಬೇಕಾಯಿತು.

ಡ್ವೊರ್‌ಶಾಕ್ ತಂಪು ಮುಟ್ಟದ ಕೊಲಂಬಿಯಾ ನದಿಯಲ್ಲಿ ಮೀನಿಗೆ ಸಿಗುವ ಆಸರೆ ತಣ್ಣನೆಯ ಉಪನದಿಗಳು ಬಂದು ಸೇರುವ ಬಾಯಿಗಳು. ಡಿಶೂಟ್ಸ್, ಲಿಟಲ್ ವೈಟ್ ಸಾಲ್ಮನ್, ಹರ್ಮನ್ ತೊರೆ ಇಂಥವುಗಳ ಬಾಯಲ್ಲಿ ಸ್ಟೀಲ್‌ಹೆಡ್ ಮೀನುಗಳು ಬಿಸಿ ಇಳಿಯುವವರೆಗೆ ವಾರಗಟ್ಟಲೆ ಗುಂಪುಗೂಡಿ ನಿಲ್ಲುತ್ತವೆ. ಗಾಳ ಹಾಕುವವರಿಗೆ ಅದು ಗೊತ್ತಿರುವುದರಿಂದ, ಆರಿಗನ್ ರಾಜ್ಯ ಇಂಥ ಕೆಲವು ಜಾಗಗಳಲ್ಲಿ ಬೇಸಿಗೆಯ ಮೀನುಗಾರಿಕೆಯನ್ನು ನಿಷೇಧಿಸಿದೆ. ಆಗಸ್ಟ್‌ನಲ್ಲಿ ಒಂದು ಕಟ್ಟೆಯ ಮೀನಿನ ಎಣಿಕೆ ಸರಿಯಾಗಿದ್ದು ಮೇಲಿನ ಕಟ್ಟೆಯಲ್ಲಿ ಅದು ದಿಢೀರನೆ ಇಳಿದಿದ್ದರೆ, ನಡುವಿನ ಮೀನೆಲ್ಲ ಸತ್ತವೆಂದು ಲೆಕ್ಕ ಹಾಕುವ ಮೊದಲು ಈ ಬಾಯಿಗಳನ್ನು ನೆನಪಿಟ್ಟುಕೊಳ್ಳಬೇಕು. ಅಣೆಕಟ್ಟಿನ ಪಟ್ಟಿಯಲ್ಲಿ ಅವಕ್ಕೆ ಕಾಲಂ ಇಲ್ಲ.